ತಿಂದದ್ದು ಮೈಗೆ ಹತ್ತಬೇಕಾದರೆ

ಬೆಂಗಳೂರಿನ ಸಸ್ಯಾಹಾರಿ ಮನೆಯೊಂದರ ಒಂದು ದಿನದ ಊಟ ನೋಡಿ. ಬೆಳಗ್ಗೆ ಇಡ್ಲಿ, ಚಟ್ನಿ, ಹಿಂದೆಯೇ ಕಾಫಿ. ಮಧ್ಯಾಹ್ನ ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ. ಸಂಜೆ ಮತ್ತೆ ಕಾಫಿ. ರಾತ್ರಿ ಚಪಾತಿ, ಇಲ್ಲವೇ ಮುದ್ದೆ ಬಸ್ಸಾರು. ರುಚಿಗೂ ಕೊರತೆಯಿಲ್ಲ, ಹೊಟ್ಟೆಗೂ ಕೊರತೆಯಿಲ್ಲ. ಆದರೆ ಪೋಷಕಾಂಶಗಳ ಲೆಕ್ಕ ಹಾಕಿದರೆ ಕೆಲವು ಇದ್ದೂ ಮೈಗೆ ಹತ್ತುವುದಿಲ್ಲ, ಕೆಲವು ನಾವು ಅಂದುಕೊಂಡಷ್ಟು ಇರುವುದಿಲ್ಲ, ಒಂದಂತೂ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆ ಇಲ್ಲದ್ದರಿಂದಲೇ ಶುರು ಮಾಡೋಣ.

ಅದು ವಿಟಮಿನ್ ಬಿ12. ಯಾವ ಗಿಡವೂ ಇದನ್ನು ತಯಾರಿಸುವುದಿಲ್ಲ, ಯಾವ ಪ್ರಾಣಿಯೂ ತಯಾರಿಸುವುದಿಲ್ಲ. ತಯಾರಿಸುವುದು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಮಾತ್ರ. ಹಸುವಿನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಮೇವಿನಲ್ಲಿ ಸಿಗುವ ಕೋಬಾಲ್ಟ್ ಬಳಸಿ ಇದನ್ನು ಕಟ್ಟುತ್ತವೆ, ಅದು ಹಾಲಿಗೆ ಇಳಿಯುತ್ತದೆ. ನಮ್ಮ ದೊಡ್ಡ ಕರುಳಿನಲ್ಲೂ ಅಂಥ ಬ್ಯಾಕ್ಟೀರಿಯಾ ಇವೆ. ಆದರೆ ಬಿ12 ಹೀರಿಕೊಳ್ಳುವ ಜಾಗ ಸಣ್ಣ ಕರುಳಿನ ಕೊನೆಯ ಭಾಗ. ಅದಕ್ಕೂ ಕೆಳಗೆ ತಯಾರಾದದ್ದು ನಮಗೆ ದಕ್ಕುವುದಿಲ್ಲ.

‘ನಾವು ಹಾಲು ಮೊಸರು ತಿನ್ನುತ್ತೇವಲ್ಲ’ ಎನ್ನುವವರು ಅಳತೆ ನೋಡಬೇಕು. ವಯಸ್ಕರಿಗೆ ದಿನಕ್ಕೆ ಎರಡರಿಂದ ಎರಡೂವರೆ ಮೈಕ್ರೊಗ್ರಾಂ ಬೇಕು. 100 ಮಿಲಿಲೀಟರ್ ಹಾಲಿನಲ್ಲಿರುವುದು ಸುಮಾರು 0.4 ಮೈಕ್ರೊಗ್ರಾಂ. ಎರಡು ಲೋಟ ಕಾಫಿಗೆ ಬೀಳುವ ಹಾಲು 150 ಮಿಲಿಲೀಟರ್ ಎಂದಿಟ್ಟುಕೊಂಡರೆ ಬಂದದ್ದು 0.6. ಪ್ಯಾಕೆಟ್ ಹಾಲನ್ನು ಮತ್ತೆ ಮತ್ತೆ ಕುದಿಸಿದರೆ ಅದೂ ಇಳಿಯುತ್ತದೆ. ನೀರು ಮಜ್ಜಿಗೆಯಿಂದ ಸಿಗುವುದು ತೀರ ಕಡಿಮೆ. ದಿನಕ್ಕೆ ಅರ್ಧ ಲೀಟರ್‌ಗೂ ಹೆಚ್ಚು ಹಾಲು, ಮೊಸರು ತೆಗೆದುಕೊಳ್ಳದವರು ಹಾಲನ್ನೇ ನಂಬಿ ಕೂರುವಂತಿಲ್ಲ. ಹಾಲು ಮೊಸರನ್ನೂ ಬಿಟ್ಟು ವೀಗನ್ ಆದವರಿಗಂತೂ ಮಾತ್ರೆ, ಇಲ್ಲವೇ ಬಿ12 ಸೇರಿಸಿದ ಆಹಾರ ಬಿಟ್ಟು ಬೇರೆ ದಾರಿಯಿಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಸಿಗುತ್ತದೆ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಸ್ಪಿರುಲಿನಾ ಎಂಬ ನೀಲಿಹಸಿರು ಪಾಚಿಯಲ್ಲಿ ಇರುವುದು ಬಹುಪಾಲು ಬಿ12ನಂತೆ ಕಾಣುವ, ಆದರೆ ನಮ್ಮ ಮೈಗೆ ಉಪಯೋಗವಿಲ್ಲದ ವಸ್ತು.

ಈ ಕೊರತೆ ಜನರನ್ನು ಮೋಸಗೊಳಿಸುವುದು ಅದರ ನಿಧಾನದಿಂದ. ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ದಾಸ್ತಾನು ಇರುವುದರಿಂದ, ಹಾಲು ಬಿಟ್ಟ ಮೊದಲ ಒಂದೆರಡು ವರ್ಷ ಏನೂ ಕಾಣದಿರಬಹುದು. ಆಮೇಲೆ ಅಂಗಾಲು ಜುಮುಜುಮು ಎನ್ನುತ್ತದೆ, ಉರಿಯುತ್ತದೆ. ನಾಲಿಗೆ ನುಣ್ಣಗಾಗಿ ಖಾರ ತಡೆಯುವುದಿಲ್ಲ. ಮರೆವು ಹೆಚ್ಚುತ್ತದೆ, ಕತ್ತಲಲ್ಲಿ ನಡೆದರೆ ಹೆಜ್ಜೆ ತಪ್ಪುತ್ತದೆ. ಬೆರಳ ಗೆಣ್ಣುಗಳ ಮೇಲೆ ಚರ್ಮ ಕಪ್ಪಾಗುವುದು ನಮ್ಮಂಥ ಮೈಬಣ್ಣದವರಲ್ಲಿ ಕಾಣುವ ಗುರುತು. ಬಿಸಿಲಿಗೆ ಕಪ್ಪಾಯಿತೆಂದು ಸುಮ್ಮನಾಗುವವರೇ ಹೆಚ್ಚು.

ಹಿಮೋಗ್ಲೋಬಿನ್ ಸರಿಯಿದೆ ಎಂದಾಕ್ಷಣ ಬಿ12 ಸರಿಯಿದೆ ಎಂದಲ್ಲ. ಸೊಪ್ಪು, ಕಾಳು ಚೆನ್ನಾಗಿ ತಿನ್ನುವವರಿಗೆ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಧಾರಾಳವಾಗಿ ಸಿಗುತ್ತದೆ. ಅದು ರಕ್ತವನ್ನು ಸರಿಯಾಗಿ ಇಡುತ್ತಿರುವಾಗಲೇ ಒಳಗೆ ನರಗಳು ಹಾಳಾಗುತ್ತಿರಬಹುದು. ಇನ್ನೊಂದು ತೊಡಕೂ ಇದೆ. ಬಿ12 ಕಡಿಮೆಯಾದರೆ ಕೆಂಪು ರಕ್ತಕಣ ದೊಡ್ಡದಾಗುತ್ತದೆ, ಕಬ್ಬಿಣ ಕಡಿಮೆಯಾದರೆ ಸಣ್ಣದಾಗುತ್ತದೆ. ಎರಡೂ ಒಟ್ಟಿಗೆ ಕಡಿಮೆಯಿದ್ದರೆ ರಿಪೋರ್ಟಿನ ‘ಎಂಸಿವಿ’, ಎಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಬಿ12 ಪರೀಕ್ಷೆಯನ್ನೇ ಬೇರೆಯಾಗಿ ಕೇಳಿ ಮಾಡಿಸಬೇಕು, ಅದೂ ಮಾತ್ರೆ ಶುರು ಮಾಡುವ ಮೊದಲೇ. ಸಾಮಾನ್ಯವಾಗಿ ಮಿಲಿಲೀಟರಿಗೆ 200 ಪಿಕೊಗ್ರಾಂಗಿಂತ ಕಡಿಮೆ ಎಂದರೆ ಕೊರತೆ. 200ರಿಂದ 300ರ ನಡುವೆ ಇದ್ದರೆ ಅನುಮಾನ ಉಳಿಯುತ್ತದೆ, ಆಗ ಹೋಮೋಸಿಸ್ಟೀನ್ ಅಥವಾ ಮಿಥೈಲ್‌ಮೆಲೋನಿಕ್ ಆಸಿಡ್ ಪರೀಕ್ಷೆ ನೆರವಾಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು, ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ಪ್ಯಾಂಟಾಪ್ರಜೋಲ್ ನುಂಗುವವರು ಇದರಲ್ಲಿ ಮೊದಲಿಗರಾಗಬೇಕು. ಆ ಮಾತ್ರೆಗಳು ಬಿ12 ಹೀರುವಿಕೆಯನ್ನು ತಗ್ಗಿಸುತ್ತವೆ.

ಕೊರತೆ ಇನ್ನೂ ಇಲ್ಲದ ವೀಗನ್‌ಗೆ ಎಷ್ಟು ಬೇಕು? ದಿನಕ್ಕೆ 50 ಮೈಕ್ರೊಗ್ರಾಂ, ಇಲ್ಲವೇ ವಾರಕ್ಕೆ ಎರಡು ಸಲ 1000 ಮೈಕ್ರೊಗ್ರಾಂ. ಇಷ್ಟೊಂದೇಕೆ ಎಂದರೆ, ಕರುಳಿನ ಹೀರುವ ವ್ಯವಸ್ಥೆ ಒಂದು ಸಲಕ್ಕೆ ಒಂದೂವರೆ ಎರಡು ಮೈಕ್ರೊಗ್ರಾಂಗೇ ತುಂಬಿಹೋಗುತ್ತದೆ. ಉಳಿದದ್ದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ತಾನಾಗಿ ಒಳಗೆ ಸೋರುತ್ತದೆ. 1000 ನುಂಗಿದರೆ ಒಳಗೆ ಹೋಗುವುದು ಹತ್ತೋ ಹನ್ನೆರಡೋ. ಕೊರತೆ ಆಗಲೇ ಇದ್ದರೆ ಈ ಅಳತೆ ಸಾಲದು, ವೈದ್ಯರು ಇಂಜೆಕ್ಷನ್ ಬರೆಯಬೇಕಾಗಬಹುದು. ಬಸುರಿ, ಬಾಣಂತಿಯರು ಇದನ್ನು ಒಂದು ದಿನಕ್ಕೂ ಹಗುರವಾಗಿ ತೆಗೆದುಕೊಳ್ಳಬಾರದು. ತಾಯಿಗೆ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಇರುವುದಿಲ್ಲ, ಕೂಸಿನ ಮಿದುಳಿನ ಬೆಳವಣಿಗೆಯೇ ಹಿಂದೆ ಬೀಳುತ್ತದೆ.

ಇನ್ನು ಪ್ರೋಟೀನ್. ಇಲ್ಲಿ ಬೆಂಗಳೂರಿನದೇ ಕೊಡುಗೆಯೊಂದಿದೆ. ಅಕ್ಕಿ, ಗೋಧಿ, ರಾಗಿ ಮೂರರಲ್ಲೂ ಕಡಿಮೆ ಇರುವ ಅಮೈನೊ ಆಮ್ಲ, ಎಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆ, ಲೈಸೀನ್. ಕಿಲೋ ತೂಕಕ್ಕೆ ದಿನಕ್ಕೆ 12 ಮಿಲಿಗ್ರಾಂ ಲೈಸೀನ್ ಸಾಕು ಎಂದು 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಜೊತೆಗಾರ ಸಂಸ್ಥೆಗಳ ವರದಿ ಹೇಳಿತ್ತು. ಇಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಗುರುತು ಹಾಕಿದ ಇಂಗಾಲವನ್ನು ಉಸಿರಿನಲ್ಲಿ ಅಳೆದು ಭಾರತೀಯರ ನಿಜವಾದ ಅಗತ್ಯವನ್ನು ಲೆಕ್ಕ ಹಾಕಿದರು. ಅದು ಹತ್ತಿರ ಹತ್ತಿರ 30 ಮಿಲಿಗ್ರಾಂ. 2007ರ ಅಂತರರಾಷ್ಟ್ರೀಯ ವರದಿ 30 ಎಂದೇ ತಿದ್ದಿಕೊಂಡಿತು.

ಇದನ್ನು ಅಡುಗೆಮನೆಯ ಲೆಕ್ಕಕ್ಕೆ ಇಳಿಸೋಣ. 60 ಕಿಲೋ ತೂಕದವರಿಗೆ ದಿನಕ್ಕೆ 1800 ಮಿಲಿಗ್ರಾಂ ಲೈಸೀನ್ ಬೇಕು. 300 ಗ್ರಾಂ ಅಕ್ಕಿಯ ಅನ್ನ ಉಂಡರೂ ಸಿಗುವುದು ಸುಮಾರು 900. ಉಳಿದ ಅರ್ಧಕ್ಕೆ ಕನಿಷ್ಠ 60 ಗ್ರಾಂ ಬೇಳೆ ಬೇಕು, ಜೀರ್ಣವಾಗದೆ ಹೋಗುವ ಪಾಲು ಸೇರಿಸಿದರೆ ಇನ್ನೂ ಹೆಚ್ಚು. ಆದರೆ ನಾಲ್ಕು ಜನರ ತಿಳಿಸಾರಿಗೆ ನಾವು ಹಾಕುವುದು ಒಂದು ಹಿಡಿ ತೊಗರಿಬೇಳೆ. ತಲೆಗೆ ಹತ್ತು ಹದಿನೈದು ಗ್ರಾಂ ಬಂದರೆ ಹೆಚ್ಚು. ಸಾರು ಎಂದರೆ ಬೇಳೆ ತಿಂದಂತೆ ಎಂಬ ಭಾವನೆಯೇ ನಮ್ಮ ದೊಡ್ಡ ತಪ್ಪು. ಪರಿಹಾರ ನಮ್ಮ ಅಡುಗೆಯಲ್ಲೇ ಇದೆ: ಗಟ್ಟಿ ತೊವ್ವೆ, ಬಸ್ಸಾರಿನ ಜೊತೆಗಿನ ಕಾಳುಪಲ್ಯ, ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು, ಉಸಲಿ, ಕೋಸಂಬರಿ. ಮನೆಯಲ್ಲಿ ತಲೆಗೆ ದಿನಕ್ಕೆ 80 ಗ್ರಾಂ ಒಣಬೇಳೆ, ಕಾಳು ಖರ್ಚಾಗುತ್ತಿದೆಯೇ ಎಂದು ತಿಂಗಳ ಸಾಮಾನಿನ ಚೀಟಿ ನೋಡಿದರೆ ಗೊತ್ತಾಗುತ್ತದೆ. ನಾಲ್ಕು ಜನಕ್ಕೆ ಅದು ತಿಂಗಳಿಗೆ ಒಂಬತ್ತೂವರೆ ಕಿಲೋ. ಅನ್ನ, ಬೇಳೆ ಒಂದೇ ತುತ್ತಿನಲ್ಲಿ ಇರಬೇಕೆಂದೇನೂ ಇಲ್ಲ, ದಿನದೊಳಗೆ ಬಂದರೆ ಸಾಕು.

ಕ್ಯಾಲ್ಸಿಯಂನಲ್ಲಿ ನಾವು ಅದೃಷ್ಟವಂತರು: 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ, ಎರಡು ದೊಡ್ಡ ಚಮಚ ಎಳ್ಳಿನಲ್ಲಿ 200ರ ಆಸುಪಾಸು. ಪಾಲಕ್ ಮಾತ್ರ ಲೆಕ್ಕಕ್ಕಿಲ್ಲ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಬಿಗಿದು ಹಿಡಿದಿರುತ್ತದೆ. ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ಕೊಂಡರೆ ಪ್ರತಿಸಲವೂ ಚೆನ್ನಾಗಿ ಅಲ್ಲಾಡಿಸಿ, ಸೇರಿಸಿದ್ದು ತಳದಲ್ಲಿ ಕೂರುತ್ತದೆ. ವಿಟಮಿನ್ ಡಿಗೆ ಇಲ್ಲಿ ಬಿಸಿಲಿದೆ, ಆದರೆ ಗಾಜಿನ ಕಟ್ಟಡದೊಳಗೆ ಕೂತವರಿಗೆ ಅದು ಇಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಸೈಂಧವ ಉಪ್ಪಿಗೆ ಬದಲಾದ ಮನೆಗಳು ಅಯೋಡಿನ್ ಕಳೆದುಕೊಂಡಿರುತ್ತವೆ. ಹಾಲೂ ಬಿಟ್ಟಿದ್ದರೆ ಅಯೋಡೈಸ್ಡ್ ಉಪ್ಪಿಗೇ ಮರಳಿ. ಒಮೆಗಾ-3 ಎಂಬ ಒಳ್ಳೆಯ ಕೊಬ್ಬಿಗೆ ಅಗಸೆ ಬೀಜ ದಿನಕ್ಕೆ ಒಂದು ದೊಡ್ಡ ಚಮಚ, ಪುಡಿ ಮಾಡಿ. ಇಡಿಯಾಗಿ ತಿಂದರೆ ಬಂದ ಹಾಗೆಯೇ ಹೋಗುತ್ತದೆ.

ಕಬ್ಬಿಣಕ್ಕೆ ಬರೋಣ. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸರಿಗೆ 19 ಎಂದು 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳಿದ್ದು, ನಮ್ಮ ಊಟದ ಕಬ್ಬಿಣದಲ್ಲಿ ಹತ್ತರಲ್ಲಿ ಒಂದು ಪಾಲೂ ಒಳಗೆ ಹೋಗುವುದಿಲ್ಲ ಎಂಬ ಲೆಕ್ಕದ ಮೇಲೆ. ಧಾನ್ಯ, ಕಾಳುಗಳ ಸಿಪ್ಪೆಯಲ್ಲಿರುವ ಫೈಟೇಟ್ ಕಬ್ಬಿಣವನ್ನೂ ಸತುವನ್ನೂ ಕಟ್ಟಿಹಾಕುತ್ತದೆ. ಮೊಳಕೆ ಬರಿಸಿದಾಗ, ಹಿಟ್ಟು ಹುಳಿ ಬರಿಸಿದಾಗ ಆ ಕಟ್ಟು ಸಡಿಲುತ್ತದೆ. ರಾಗಿಯನ್ನು ತೊಳೆದು ಹತ್ತು ಹನ್ನೆರಡು ಗಂಟೆ ನೆನೆಹಾಕಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಒಂದೂವರೆ ದಿನ ಕಟ್ಟಿಡಿ. ಬಟ್ಟೆ ಒಣಗಿದರೆ ಮೊಳಕೆ ನಿಲ್ಲುತ್ತದೆ, ನೀರು ನಿಂತರೆ ಕಮಟು ವಾಸನೆ ಬರುತ್ತದೆ. ಬಿಳಿ ಮೊಳಕೆ ಕಂಡಾಗ ತೆಳ್ಳಗೆ ಹರಡಿ ಒಣಗಿಸಿ, ಬೆಚ್ಚಗೆ ಹುರಿದು ಬೀಸಿಸಿದರೆ ಗಂಜಿಗೂ ಮಗುವಿನ ಸರಿಗೂ ಆಗುತ್ತದೆ. ಹುರುಳಿ, ಹೆಸರುಕಾಳಿಗೂ ಇದೇ ಕ್ರಮ, ಅವಕ್ಕೆ ಒಂದು ದಿನ ಸಾಕು.

ಕಬ್ಬಿಣವನ್ನು ಒಳಗೆ ಕರೆದೊಯ್ಯುವುದು ವಿಟಮಿನ್ ಸಿ. ಕೋಸಂಬರಿಗೆ ಹಿಂಡುವ ಅರ್ಧ ನಿಂಬೆಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು ಇದ್ದರೆ, ಅರ್ಧ ಸೀಬೆಹಣ್ಣಿನಲ್ಲಿ ಅದರ ಎಷ್ಟೋ ಪಟ್ಟು. ಊಟದ ಜೊತೆಯಲ್ಲೇ ಹಸಿಯಾಗಿ ತಿನ್ನಬೇಕು. ನಿಂಬೆರಸ ಹಿಂಡುವುದು ಒಲೆಯಿಂದ ಇಳಿಸಿದ ಮೇಲೆ.

ಇದನ್ನೆಲ್ಲ ಮಾಡಿ ಕೊನೆಗೆ ಕೆಡಿಸುವುದು ತಿಂಡಿಯ ಬೆನ್ನಿಗೆ ಬರುವ ಬೈಟು ಕಾಫಿ. 1983ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಊಟದ ಜೊತೆ ಕುಡಿದ ಒಂದು ಲೋಟ ಕಾಫಿ ಕಬ್ಬಿಣದ ಹೀರುವಿಕೆಯನ್ನು ನೂರಕ್ಕೆ 39ರಷ್ಟು, ಟೀ 64ರಷ್ಟು ಇಳಿಸಿತು. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದ ಕಾಫಿಯೂ ಅಷ್ಟೇ ಇಳಿಸಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದದ್ದು ಮಾತ್ರ ಏನೂ ಮಾಡಲಿಲ್ಲ. ಎಂದರೆ ಎದ್ದ ಕೂಡಲೇ ಕಾಫಿ, ಸ್ನಾನ ಪೂಜೆ ಮುಗಿಸಿ ತಿಂಡಿ ಎಂಬ ಹಳೆಯ ಮನೆಗಳ ಕ್ರಮ ಕಬ್ಬಿಣಕ್ಕೆ ಒಳ್ಳೆಯದೇ. ಕೆಡಿಸುವುದು ದರ್ಶಿನಿಯ ಇಡ್ಲಿ ತಟ್ಟೆಯ ಪಕ್ಕದ ಲೋಟ. ತಿಂಡಿಯ ಮೇಲೆ ಬೇಕೇ ಬೇಕೆಂದರೆ ಎರಡು ಗಂಟೆ ತಡೆಯಿರಿ. ಕಬ್ಬಿಣದ ಮಾತ್ರೆ ನುಂಗುವ ಬಸುರಿಯರು ಅದನ್ನು ಕಾಫಿ, ಹಾಲಿನ ಜೊತೆ ನುಂಗದೆ ನಿಂಬೆ ಪಾನಕದ ಜೊತೆ ನುಂಗಲಿ, ಕ್ಯಾಲ್ಸಿಯಂ ಮಾತ್ರೆಯನ್ನು ಇನ್ನೊಂದು ಹೊತ್ತಿನ ಊಟಕ್ಕೆ ಎತ್ತಿಡಲಿ.