ಯುನಿಕ್ಸ್‌ನಲ್ಲಿ ಮೇಲ್ ಕ್ಲೈಂಟ್ ಆರಿಸುವಾಗ: ಮೊದಲು ಪೆಟ್ಟಿಗೆ ನೋಡಿ

ಮೇಲ್ ಓದಿ ಬರೆಯುವ ಪ್ರೋಗ್ರಾಂಗಳಲ್ಲಿ (ಇವೇ ಮೇಲ್ ಕ್ಲೈಂಟ್) ಟರ್ಮಿನಲ್‌ನಲ್ಲಿ, ಅಂದರೆ ಬರೀ ಅಕ್ಷರಗಳ ಪರದೆಯಲ್ಲಿ ನಡೆಯುವ ಮಟ್ ಒಳ್ಳೆಯದೋ, ಕಿಟಕಿ ಇರುವ ಥಂಡರ್‌ಬರ್ಡ್ ಒಳ್ಳೆಯದೋ ಎಂಬ ಜಗಳ ಮುಗಿಯುವಂಥದ್ದಲ್ಲ. ಅದಕ್ಕೆ ಇಳಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಮೇಲ್ ಎಲ್ಲಿ ಕೂತಿರುತ್ತದೆ, ಯಾವ ರೂಪದಲ್ಲಿ? ಕ್ಲೈಂಟನ್ನು ಯಾವಾಗ ಬೇಕಾದರೂ ಬದಲಿಸಬಹುದು. ಹತ್ತಾರು ವರ್ಷದ ಮೇಲ್ ರಾಶಿಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ಸಾಗಿಸುವುದೇ ತಲೆನೋವು.

ಯುನಿಕ್ಸ್‌ನಲ್ಲಿ (ಲಿನಕ್ಸ್ ಕೂಡ ಇದೇ ಜಾತಿಯ ಆಪರೇಟಿಂಗ್ ಸಿಸ್ಟಂ) ಮೇಲ್‌ನ ಕೆಲಸ ಮೊದಲಿನಿಂದಲೂ ಹಂಚಿಹೋಗಿದೆ. ಸಾಗಿಸಲು ಸೆಂಡ್‌ಮೇಲ್, ಪೋಸ್ಟ್‌ಫಿಕ್ಸ್. ಬಂದದ್ದನ್ನು ವಿಂಗಡಿಸಲು ಪ್ರೋಕ್‌ಮೇಲ್. ಓದಿ ಬರೆಯುವುದಷ್ಟೇ ಕ್ಲೈಂಟ್‌ನ ಪಾಲು. ಥಂಡರ್‌ಬರ್ಡ್, ಎವಲ್ಯೂಷನ್, ಕೆಮೇಲ್ ಮಾತ್ರ ತರಿಸುವುದು, ಕಳಿಸುವುದು, ಹುಡುಕುವುದು ಎಲ್ಲವನ್ನೂ ತಾವೇ ಮಾಡುತ್ತವೆ. ಮಟ್‌ಗೂ ಈಗ ಐಮ್ಯಾಪ್ (ಸರ್ವರ್‌ನಲ್ಲೇ ಇರುವ ಮೇಲ್ ಓದುವ ವಿಧಾನ), ಎಸ್‌ಎಂಟಿಪಿ (ಮೇಲ್ ಕಳಿಸುವ ವಿಧಾನ) ಎರಡೂ ಬರುತ್ತವೆ. ಆದರೂ ಬಹಳ ಜನ ತರಿಸಲು ಎಂಬಿಸಿಂಕ್, ಕಳಿಸಲು ಎಂಎಸ್‌ಎಂಟಿಪಿ, ಹುಡುಕಲು ನಾಟ್‌ಮಚ್ ಎಂದು ಬೇರೆ ಬೇರೆ ಜೋಡಿಸಿಕೊಳ್ಳುತ್ತಾರೆ. ನೆಟ್ ಇಲ್ಲದಿದ್ದರೂ ಮೇಲ್ ಕೈಯಲ್ಲಿರುತ್ತದೆ, ಯಾವುದೋ ಒಂದು ತುಂಡು ಹಿಡಿಸದಿದ್ದರೆ ಅದನ್ನಷ್ಟೇ ಕಿತ್ತು ಬದಲಿಸಬಹುದು.

ಈಗ ರೂಪದ ವಿಷಯ. ಹಳೆಯದು ಎಂಬಾಕ್ಸ್: ಒಂದು ಫೋಲ್ಡರ್ ಎಂದರೆ ಒಂದೇ ದೊಡ್ಡ ಫೈಲ್. 'ಫ್ರಮ್' ಪದ, ಅದರ ಮುಂದೆ ಒಂದು ಖಾಲಿ ಜಾಗ, ಹೀಗೆ ಶುರುವಾಗುವ ಸಾಲು ಬಂದರೆ ಹೊಸ ಮೇಲ್ ಎಂದು ಅರ್ಥ. ಹಾಗಾದರೆ ನೀವೇ ಒಂದು ವಾಕ್ಯವನ್ನು ಆ ಪದದಿಂದ ಶುರುಮಾಡಿದರೆ? ಅದರ ಹಿಂದೆ ಒಂದು ಬಾಣದ ಗುರುತು (>) ಸೇರಿಸಿ ತಪ್ಪಿಸುತ್ತಾರೆ. ಹಳೆಯ ಮೇಲ್‌ಗಳಲ್ಲಿ ಸುಮ್ನೆ ಎಲ್ಲೋ ಆ ಗುರುತು ಕಾಣುವುದು ಇದಕ್ಕೇ. ಎರಡು ಪ್ರೋಗ್ರಾಂ ಒಟ್ಟಿಗೆ ಬರೆದರೆ ಫೈಲ್ ಕೆಡಬಹುದು, ಅದಕ್ಕೆ ಒಂದು ಬರೆಯುವಾಗ ಇನ್ನೊಂದನ್ನು ತಡೆಯುವ ಲಾಕ್ ಬೇಕು. ಒಂದು ಮೇಲ್ ಅಳಿಸಿದರೂ ಬ್ಯಾಕಪ್‌ನ ಕಣ್ಣಿಗೆ ಇಡೀ ಫೈಲ್ ಬದಲಾದಂತೆ.

ಕ್ಯೂಮೇಲ್ ಎಂಬ ಮೇಲ್ ಸಾಗಿಸುವ ಪ್ರೋಗ್ರಾಂ ಬರೆದ ಡೇನಿಯಲ್ ಬರ್ನ್‌ಸ್ಟೀನ್ ಇದಕ್ಕೆ ಮೇಲ್‌ಡಿರ್ ರೂಪಿಸಿದರು. ಒಂದು ಮೇಲ್‌ಗೆ ಒಂದು ಫೈಲ್, ಡೈರೆಕ್ಟರಿ ಮೂರು: ಟೆಂಪ್, ನ್ಯೂ, ಕರ್. ಪೂರ್ತಿ ಬರೆದಾದ ಮೇಲೆಯೇ ಫೈಲ್ ಟೆಂಪ್‌ನಿಂದ ನ್ಯೂಗೆ ಬರುತ್ತದೆ, ಆದ್ದರಿಂದ ಲಾಕ್ ಬೇಡ. ಓದಿದ್ದು, ಉತ್ತರಿಸಿದ್ದು ಎಂಬ ಗುರುತುಗಳು ಫೈಲಿನ ಹೆಸರಿಗೇ ಅಂಟಿಕೊಳ್ಳುತ್ತವೆ. ಲಕ್ಷ ಮೇಲ್ ಇದ್ದರೆ ಲಕ್ಷ ಫೈಲ್ ಆಗುತ್ತದೆ, ನಿಜ. ಆದರೂ ನಾನು ಇದನ್ನೇ ಆರಿಸುತ್ತೇನೆ. ಥಂಡರ್‌ಬರ್ಡ್ ತಾನಾಗಿ ಬಳಸುವುದು ಎಂಬಾಕ್ಸ್ ಎಂಬುದು ನೆನಪಿರಲಿ.

ಮೇಲನ್ನು ಸರ್ವರ್‌ನಿಂದ ಯಂತ್ರಕ್ಕೆ ಇಳಿಸಿಕೊಳ್ಳುವ ಹಳೆಯ ವಿಧಾನವಾದ ಪಾಪ್3 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೋನ್, ಲ್ಯಾಪ್‌ಟಾಪ್ ಎರಡರಲ್ಲೂ ಓದುವವರಿಗೆ ಐಮ್ಯಾಪೇ ಸರಿ.

ಲಾಗಿನ್ ಇನ್ನೊಂದು ತೊಡಕು. 2022ರಲ್ಲಿ ಜಿಮೇಲ್ ಮತ್ತು ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಆನ್‌ಲೈನ್, ಹೊರಗಿನ ಕ್ಲೈಂಟ್‌ಗಳು ಬರೀ ಮಾಮೂಲಿ ಪಾಸ್‌ವರ್ಡ್‌ನಿಂದ ಒಳಬರುವುದನ್ನು ಬಹುಮಟ್ಟಿಗೆ ನಿಲ್ಲಿಸಿದವು. ಈಗ ಸಾಮಾನ್ಯವಾಗಿ ಬೇಕಿರುವುದು ಓಆಥ್2, ಅಂದರೆ ಪಾಸ್‌ವರ್ಡ್ ಬದಲು ಟೋಕನ್ ಎಂಬ ಅನುಮತಿ ಚೀಟಿ ತೋರಿಸುವ ವಿಧಾನ. ಥಂಡರ್‌ಬರ್ಡ್, ಎವಲ್ಯೂಷನ್‌ನಲ್ಲಿ ಒಂದು ಕಿಟಕಿ ತೆರೆದು ಒಪ್ಪಿಗೆ ಕೇಳುತ್ತದೆ, ಮುಗಿಯಿತು. ಮಟ್‌ನಲ್ಲಿ ಟೋಕನ್ ತರಲು ಪ್ರತ್ಯೇಕ ಸ್ಕ್ರಿಪ್ಟ್ ಹೊಂದಿಸಬೇಕು. ಟರ್ಮಿನಲ್ ಹಿಡಿದವರು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ.

ಪ್ಯಾಚ್, ಅಂದರೆ ಪ್ರೋಗ್ರಾಂ ಕೋಡ್‌ನ ತಿದ್ದುಪಡಿಯನ್ನು ಮೇಲ್‌ನಲ್ಲಿ ಕಳಿಸುವವರು ಟ್ಯಾಬ್, ಸಾಲು ಮುರಿಯದ ಕ್ಲೈಂಟ್ ನೋಡಬೇಕು. ಲಿನಕ್ಸ್ ಕರ್ನಲ್‌ನ ದಾಖಲೆಯಲ್ಲಿ ಇದಕ್ಕೆಂದೇ ಒಂದು ಪುಟವಿದೆ. ಜಿಮೇಲ್‌ನ ವೆಬ್ ಪುಟ ಟ್ಯಾಬನ್ನು ಸ್ಪೇಸ್ ಮಾಡಿಬಿಡುತ್ತದೆ ಎಂದು ಅಲ್ಲಿ ಎಚ್ಚರಿಸಿದ್ದಾರೆ.

ಕೊನೆಗೆ ಕನ್ನಡದಲ್ಲಿ ಬರೆಯುವವರ ಪಾಡು. ಬಹಳಷ್ಟು ಟರ್ಮಿನಲ್‌ಗಳು ಅಕ್ಷರಗಳನ್ನು ಸಮ ಅಳತೆಯ ಚೌಕಗಳಲ್ಲಿ ಕೂರಿಸುತ್ತವೆ, ಒತ್ತಕ್ಷರ ಒಡೆದು ಕಾಣುತ್ತದೆ. ಪದ ಹುಡುಕಲು ಗ್ರೆಪ್ ಕಮಾಂಡ್ ಇದೆಯಲ್ವಾ ಎಂದರೆ, ಕನ್ನಡದ ಮೇಲ್ ಸಾಮಾನ್ಯವಾಗಿ ಬೇಸ್64 ರೂಪದಲ್ಲಿ (ಇಂಗ್ಲಿಷ್ ಅಕ್ಷರ, ಅಂಕಿಗಳಾಗಿ ಬದಲಿಸಿದ ಸಂಕೇತ) ಬರುತ್ತದೆ, ಗ್ರೆಪ್‌ಗೆ ಅದು ಸಿಗುವುದೇ ಇಲ್ಲ. ನಾಟ್‌ಮಚ್ ಅದನ್ನು ಬಿಡಿಸಿ ಸೂಚಿ ಮಾಡಿಕೊಳ್ಳುವುದರಿಂದ ಹುಡುಕಾಟ ಸಾಧ್ಯ. ದಿನಾ ಕನ್ನಡ ಓದುವವರಾದರೆ ಥಂಡರ್‌ಬರ್ಡ್ ಅಥವಾ ಕ್ಲಾಸ್ ಮೇಲ್‌ನಂಥ ಕಿಟಕಿ ಇರುವುದನ್ನೇ ಇಟ್ಟುಕೊಳ್ಳಿ. ಅದೇ ಐಮ್ಯಾಪ್ ಖಾತೆಗೆ ಪಕ್ಕದಲ್ಲಿ ಮಟ್ ಜೋಡಿಸಿದರೂ ಯಾವ ತಕರಾರೂ ಇಲ್ಲ.