ಸಹಿಯಿಲ್ಲದ ತಿದ್ದುಪಡಿ ಮತ್ತು ಆಸ್ತಿಯ ಮೇಲಿನ ಋಣಭಾರ: ವಿಚ್ಛೇದನದ ರಾಜಿಪತ್ರವನ್ನು ಓದುವ ಬಗೆ

ಕೌಟುಂಬಿಕ ಕಾನೂನನ್ನು ಓದುವಾಗ ವಿಚ್ಛೇದನದ ಕಾರಣಗಳಿಗೆ ಕೊಡುವಷ್ಟು ಗಮನವನ್ನು ನಾವು ವಿಚ್ಛೇದನದ ಕಾಗದಪತ್ರಗಳಿಗೆ ಕೊಡುವುದಿಲ್ಲ. ಆದರೆ ಪರಸ್ಪರ ಸಮ್ಮತಿಯ ವಿಚ್ಛೇದನದಲ್ಲಿ ಮುಂದೆ ಏಳುವ ತಕರಾರುಗಳು ಬಹುತೇಕ ಆ ಕಾಗದದಲ್ಲೇ ಹುಟ್ಟುತ್ತವೆ. ಹಿಂದೂ ವಿವಾಹ ಕಾಯ್ದೆ, 1955ರ ಕಲಂ 13ಬಿ ಪ್ರಕಾರ ಜಂಟಿ ಅರ್ಜಿ ಸಲ್ಲಿಸಿದ ಆರು ತಿಂಗಳ ನಂತರ, ಹದಿನೆಂಟು ತಿಂಗಳೊಳಗೆ, ಗಂಡ ಹೆಂಡತಿ ಇಬ್ಬರೂ ಮತ್ತೆ ನ್ಯಾಯಾಲಯದ ಮುಂದೆ ಬರಬೇಕು. 2017ರ ಅಮರ್‌ದೀಪ್ ಸಿಂಗ್ ವಿರುದ್ಧ ಹರ್ವೀನ್ ಕೌರ್ ತೀರ್ಪಿನ ನಂತರ, ತಕ್ಕ ಕಾರಣವಿದ್ದರೆ ಈ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಮನ್ನಾ ಮಾಡಬಹುದು. ಕಾಯುವ ಅವಧಿ ಎಷ್ಟೇ ಇರಲಿ, ಮೊದಲ ಹಾಜರಿಗೂ ಎರಡನೆಯದಕ್ಕೂ ನಡುವೆ ಮಾತುಕತೆ ಮುಂದುವರಿಯುತ್ತದೆ, ಕಂತು ಬದಲಾಗುತ್ತದೆ, ಯಾರೋ ಪೆನ್ನಿನಿಂದ ಒಂದು ಸಾಲು ಹೊಡೆದುಹಾಕುತ್ತಾರೆ, ಇನ್ನಾರೋ ಒಂದು ಪುಟವನ್ನೇ ಮತ್ತೆ ಟೈಪ್ ಮಾಡಿಸಿ ಸೇರಿಸುತ್ತಾರೆ.

ಚರ್ಚೆಗಾಗಿ ಒಂದು ಕಲ್ಪಿತ ಪ್ರಸಂಗವನ್ನು ಇಟ್ಟುಕೊಳ್ಳೋಣ. ರಾಜಿಪತ್ರದ ಪ್ರಕಾರ ಗಂಡ 30 ಲಕ್ಷ ರೂಪಾಯಿ ಶಾಶ್ವತ ಜೀವನಾಂಶವನ್ನು ಮೂರು ಕಂತುಗಳಲ್ಲಿ ಕೊಡಬೇಕು; ಕಂತುಗಳು ತೀರುವವರೆಗೆ ಅವನ ಹೆಸರಿನ ನಿವೇಶನ ಆ ಹಣಕ್ಕೆ ಭದ್ರತೆಯಾಗಿರಬೇಕು; ಇಬ್ಬರ ಹೆಸರಿನಲ್ಲಿರುವ ಫ್ಲಾಟ್ ಹೆಂಡತಿಗೆ ಸೇರಬೇಕು, ಅದರ ಗೃಹಸಾಲವನ್ನು ಗಂಡನೇ ತೀರಿಸಬೇಕು. ಎರಡನೆಯ ಹಾಜರಿಯ ಹೊತ್ತಿಗೆ ಎರಡು ಬದಲಾವಣೆಗಳಾಗಿವೆ. ನಿವೇಶನದ ಭದ್ರತೆಯ ಸಾಲನ್ನು ಪೆನ್ನಿನಿಂದ ಹೊಡೆದುಹಾಕಲಾಗಿದೆ, ಪಕ್ಕದಲ್ಲಿ ಯಾರ ಕಿರುಸಹಿಯೂ ಇಲ್ಲ. ನಾಲ್ಕನೆಯ ಪುಟ ಹೊಸದಾಗಿದೆ, ಅದರಲ್ಲಿ ಗೃಹಸಾಲವನ್ನು ‘ಫ್ಲಾಟಿನ ಸ್ವಾಧೀನದಲ್ಲಿರುವವರು’ ತೀರಿಸಬೇಕು ಎಂದಿದೆ. ಕೊನೆಯ ಪುಟದಲ್ಲಿ ಮಾತ್ರ ಇಬ್ಬರ ಸಹಿಯೂ ಮೊದಲಿನಂತೆಯೇ ಇದೆ.

ಇಂಥ ಪ್ರಶ್ನೆ ಎದುರಾದಾಗ ‘ಸಹಿ ಇಲ್ಲ, ಆದ್ದರಿಂದ ಅಸಿಂಧು’ ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ನಮ್ಮ ಸಾಮಾನ್ಯ ತಪ್ಪು. ಇಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳಿವೆ. ಈ ಬದಲಾವಣೆಗೆ ಯಾರು ಒಪ್ಪಿದ್ದರು ಎಂಬುದು ಗಂಡ ಹೆಂಡತಿಯರ ನಡುವಿನ ಪರೀಕ್ಷೆ. ಈ ಭದ್ರತೆ ಯಾರಿಗೆ ತಿಳಿದಿತ್ತು ಎಂಬುದು ನಿವೇಶನವನ್ನು ಮುಂದೆ ಕೊಳ್ಳುವವನಿಗೂ ಸಾಲ ಕೊಟ್ಟ ಬ್ಯಾಂಕಿಗೂ ಸಂಬಂಧಿಸಿದ ಪರೀಕ್ಷೆ. ಮೊದಲನೆಯದರಲ್ಲಿ ಗೆದ್ದವರು ಎರಡನೆಯದರಲ್ಲಿ ಸೋಲುವುದು ಅಪರೂಪವಲ್ಲ.

ಮೊದಲ ಪರೀಕ್ಷೆ: ಒಪ್ಪಿಗೆ

ಭಾರತೀಯ ಕರಾರು ಕಾಯ್ದೆ, 1872ರ ಕಲಂ 62 ಕರಾರಿನ ಬದಲಾವಣೆಯನ್ನು ಮಾನ್ಯ ಮಾಡುತ್ತದೆ, ಆದರೆ ಅದು ಎರಡೂ ಪಕ್ಷಗಳ ಒಪ್ಪಿಗೆಯಿಂದ ಆಗಿರಬೇಕು. ಪತ್ರಕ್ಕೆ ಸಹಿಯಾದ ಮೇಲೆ ಒಬ್ಬನೇ ಅದರ ಮುಖ್ಯ ಭಾಗವನ್ನು ಬದಲಾಯಿಸಿದರೆ, ಬದಲಾದ ಪಾಠ ಒಪ್ಪದವರನ್ನು ಕಟ್ಟಿಹಾಕುವುದಿಲ್ಲ. ಬದಲಾಯಿಸಿದವನು ಆ ಪತ್ರದ ಬಲದಿಂದ ಲಾಭ ಪಡೆಯುವಂತಿಲ್ಲ. ವರ್ಗಾವಣೀಯ ಲೇಖಪತ್ರಗಳ ಕಾಯ್ದೆ, 1881ರ ಕಲಂ 87ರಲ್ಲಿ ಚೆಕ್ಕು, ಪ್ರಾಮಿಸರಿ ನೋಟುಗಳ ಬಗ್ಗೆ ಇದೇ ತತ್ತ್ವವನ್ನು ಸ್ಪಷ್ಟವಾಗಿ ಬರೆಯಲಾಗಿದೆ. ಅಲ್ಲಿರುವ ಒಂದು ವಿನಾಯಿತಿಯನ್ನು ಮರೆಯಬಾರದು: ಮೂಲ ಪಕ್ಷಗಳ ಸಮಾನ ಉದ್ದೇಶವನ್ನು ಈಡೇರಿಸಲೆಂದೇ ಮಾಡಿದ ತಿದ್ದುಪಡಿಯಿಂದ ಪತ್ರ ಕೆಡುವುದಿಲ್ಲ. ಹೆಸರಿನ ಕಾಗುಣಿತ ಸರಿಪಡಿಸುವುದು, ಬಿಟ್ಟುಹೋದ ಪಿನ್‌ಕೋಡ್ ತುಂಬುವುದು ಮುಖ್ಯ ಬದಲಾವಣೆಗಳಲ್ಲ. ಸಾಲ ಯಾರು ತೀರಿಸಬೇಕು ಎಂಬುದನ್ನು ಬದಲಾಯಿಸುವುದು ಖಂಡಿತವಾಗಿಯೂ ಮುಖ್ಯ ಬದಲಾವಣೆ.

‘ಆಮೇಲೆ ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದರು’ ಎಂಬ ವಾದಕ್ಕೆ ಸಾಕ್ಷ್ಯ ಕಾನೂನಿನಲ್ಲಿ ಉತ್ತರ ಹುಡುಕಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 92, ಈಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 95 ಆಗಿದೆ. ನಂತರದ ಮೌಖಿಕ ಒಪ್ಪಂದದಿಂದ ಬರಹದ ಕರಾರು ಮಾರ್ಪಾಡಾಯಿತು ಎಂದು ಸಾಬೀತು ಮಾಡಲು ಅದು ಅವಕಾಶ ಕೊಡುತ್ತದೆ. ಆದರೆ ಕರಾರು ಬರಹದಲ್ಲೇ ಇರಬೇಕೆಂದು ಕಾನೂನು ಹೇಳಿದ್ದರೆ ಅಥವಾ ಅದು ನೋಂದಣಿಯಾಗಿದ್ದರೆ ಆ ಅವಕಾಶ ಇಲ್ಲ. ರಾಜಿಪತ್ರ ಮೊದಲನೆಯ ವರ್ಗಕ್ಕೆ ಸೇರುತ್ತದೆ. 1976ರ ತಿದ್ದುಪಡಿಯ ನಂತರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3ರ ಪ್ರಕಾರ ರಾಜಿಯು ಬರಹದಲ್ಲಿದ್ದು ಪಕ್ಷಗಳ ಸಹಿ ಹೊಂದಿರಬೇಕು. 1987ರ ಗುರ್‌ಪ್ರೀತ್ ಸಿಂಗ್ ವಿರುದ್ಧ ಚತುರ್ ಭುಜ್ ಗೋಯಲ್ ಪ್ರಕರಣದಲ್ಲಿ, ನ್ಯಾಯಾಲಯದ ಮುಂದೆ ಬಾಯಿಮಾತಿನಲ್ಲಿ ಹೇಳಿದ ರಾಜಿ ಸಾಲದು, ಅದು ಬರಹಕ್ಕಿಳಿದು ಸಹಿಯಾಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. 1991ರ ಬೈರಾಮ್ ಪೆಸ್ತೋನ್‌ಜಿ ಗರಿವಾಲಾ ತೀರ್ಪು ಪಕ್ಷಗಳ ಸಹಿ ಎಂದರೆ ಅಧಿಕಾರ ಪಡೆದ ವಕೀಲರ ಸಹಿಯೂ ಸೇರುತ್ತದೆ ಎಂದಿತು. ಈ ಎರಡನ್ನೂ ಒಟ್ಟಿಗೆ ಓದಿಕೊಳ್ಳಬೇಕು. ಆದರೂ ವಿಚ್ಛೇದನದಂಥ ವೈಯಕ್ತಿಕ ವಿಷಯದಲ್ಲಿ ವಕೀಲರ ಸಹಿಯನ್ನೇ ನಂಬಿ ಕೂರುವುದು ನನಗೆ ವಿವೇಕವೆನಿಸುವುದಿಲ್ಲ.

ಒಪ್ಪಿಗೆಯ ವಿಷಯದಲ್ಲಿ ಹೆಂಡತಿಗೆ ಇನ್ನೊಂದು ಆಸರೆಯೂ ಇದೆ. 1991ರ ಸುರೇಷ್ಟಾ ದೇವಿ ವಿರುದ್ಧ ಓಂ ಪ್ರಕಾಶ್ ತೀರ್ಪಿನ ಪ್ರಕಾರ ಪರಸ್ಪರ ಸಮ್ಮತಿಯು ಡಿಕ್ರಿ, ಅಂದರೆ ನ್ಯಾಯಾಲಯದ ಅಂತಿಮ ಆದೇಶ, ಆಗುವವರೆಗೂ ಮುಂದುವರಿಯಬೇಕು. ಡಿಕ್ರಿಗೆ ಮೊದಲು ಪುಟ ಬದಲಾಗಿರುವುದು ಕಣ್ಣಿಗೆ ಬಿದ್ದರೆ ಅವಳು ಸಮ್ಮತಿಯನ್ನು ಹಿಂತೆಗೆದುಕೊಳ್ಳಬಹುದು, ಇಲ್ಲವೇ ಮೂಲ ಷರತ್ತಿನ ಮೇಲೆ ನಿಲ್ಲಬಹುದು. ಡಿಕ್ರಿಯಾದ ಮೇಲೆ ದಾರಿ ಕಿರಿದಾಗುತ್ತದೆ. ಕುಟುಂಬ ನ್ಯಾಯಾಲಯಗಳ ಕಾಯ್ದೆ, 1984ರ ಕಲಂ 19ರ ಅಡಿಯಲ್ಲಿ ಸಮ್ಮತಿಯ ಡಿಕ್ರಿಯ ವಿರುದ್ಧ ಮೇಲ್ಮನವಿ ಇಲ್ಲ. ಆದೇಶ 23ರ ನಿಯಮ 3ಎ ಪ್ರಕಾರ ರಾಜಿ ಕಾನೂನುಬದ್ಧವಲ್ಲವೆಂಬ ಕಾರಣದಿಂದ ಪ್ರತ್ಯೇಕ ದಾವೆಯನ್ನೂ ಹೂಡುವಂತಿಲ್ಲ. ಡಿಕ್ರಿ ಕೊಟ್ಟ ನ್ಯಾಯಾಲಯಕ್ಕೇ ಅರ್ಜಿ ಹಾಕಿ, ರಾಜಿಯೇ ಆಗಿರಲಿಲ್ಲ ಅಥವಾ ಅದು ಮೋಸದಿಂದ ಪಡೆದದ್ದು ಎಂದು ತೋರಿಸಬೇಕು. ಈ ಹಂತದಲ್ಲಿ ಅವಳ ಎದುರಿಗೆ ಬರುವುದು ಅವಳದೇ ಹೇಳಿಕೆ: ‘ಷರತ್ತುಗಳನ್ನು ಓದಿದ್ದೇನೆ, ಒಪ್ಪಿದ್ದೇನೆ’ ಎಂದು ಎರಡನೆಯ ಹಾಜರಿಯಲ್ಲಿ ಪ್ರಮಾಣ ಮಾಡಿ ಹೇಳಿದ್ದರೆ, ಬದಲಾದ ಪುಟದ ಬಗ್ಗೆ ತನಗೆ ತಿಳಿದಿರಲಿಲ್ಲ ಎಂಬುದನ್ನು ನಂಬಿಸುವ ಹೊರೆ ಭಾರವಾಗುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 152ರ ಅಡಿಯಲ್ಲಿ ತಿದ್ದಬಹುದಾದದ್ದು ಬರವಣಿಗೆಯ ಅಥವಾ ಲೆಕ್ಕದ ತಪ್ಪನ್ನು, ಇಲ್ಲವೇ ಆಕಸ್ಮಿಕವಾಗಿ ಆದ ಲೋಪವನ್ನು ಮಾತ್ರ. ಸಾಲದ ಹೊಣೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲು ಅದನ್ನು ಬಳಸಲಾಗದು.

ಪೆನ್ನಿನಿಂದ ಹೊಡೆದುಹಾಕಿದ ಸಾಲು ಮತ್ತು ಬದಲಿಸಿದ ಪುಟ, ಇವೆರಡರ ನಡುವೆ ಪುರಾವೆಯ ದೃಷ್ಟಿಯಿಂದ ದೊಡ್ಡ ವ್ಯತ್ಯಾಸವಿದೆ. ಹೊಡೆದ ಸಾಲು ತಾನೇ ತನ್ನ ಬಗ್ಗೆ ದೂರು ಹೇಳುತ್ತದೆ. ಕಿರುಸಹಿ ಇಲ್ಲದಿರುವುದು ನ್ಯಾಯಾಧೀಶರ ಕಣ್ಣಿಗೂ ಬೀಳುತ್ತದೆ. ಹೊಸ ಪುಟ ಮೌನವಾಗಿರುತ್ತದೆ. ಪ್ರತಿ ಪುಟದ ಕೆಳಗೂ ಸಹಿ ಮಾಡಿಸುವ ರೂಢಿಯ ಬೆಲೆ ತಿಳಿಯುವುದು ಇಲ್ಲೇ. ಸಹಿಯಾದ ಪತ್ರದ ಮುಖ್ಯ ಭಾಗವನ್ನು ಅಧಿಕಾರವಿಲ್ಲದೆ, ಮೋಸದ ಉದ್ದೇಶದಿಂದ ಬದಲಾಯಿಸುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 335ರ ಪ್ರಕಾರ ಸುಳ್ಳು ದಸ್ತಾವೇಜಿನ ಸೃಷ್ಟಿಯೂ ಆಗಬಹುದು, ಆದರೆ ಕ್ರಿಮಿನಲ್ ಭಾಗ ನಮ್ಮ ಇಂದಿನ ಪಾಠದ ಹೊರಗಿನದು.

ಎರಡನೆಯ ಪರೀಕ್ಷೆ: ತಿಳಿವಳಿಕೆ

ಮೊದಲು ಒಂದು ಪದದ ಗೊಂದಲವನ್ನು ಬಿಡಿಸಿಕೊಳ್ಳೋಣ. ಅಮೆರಿಕದ ವಿಚ್ಛೇದನದ ಕಾಗದಗಳಲ್ಲಿ ಮನೆ, ಜಮೀನುಗಳ ಮೇಲೆ ಬೀಳುವ ಹಣದ ಹಕ್ಕಿಗೆ ‘ಲಿಯನ್’ ಎನ್ನುತ್ತಾರೆ. ಅಲ್ಲಿರುವ ಬಂಧುಗಳ ಬಾಯಿಂದ ನಾವು ಈ ಪದವನ್ನು ಕೇಳಿರುತ್ತೇವೆ. ನಮ್ಮ ಕರಾರು ಕಾಯ್ದೆಯ ಕಲಂ 170, 171ರ ಲಿಯನ್ ಎಂದರೆ ಕೈಯಲ್ಲಿರುವ ಸರಕನ್ನು ಹಣ ಬರುವವರೆಗೆ ತಡೆಹಿಡಿಯುವ ಹಕ್ಕು. ಸ್ಥಿರಾಸ್ತಿಯ ವಿಷಯದಲ್ಲಿ ನಮ್ಮದು ಆಸ್ತಿ ವರ್ಗಾವಣೆ ಕಾಯ್ದೆ, 1882ರ ಕಲಂ 100ರ ‘ಚಾರ್ಜ್’, ಅಂದರೆ ಋಣಭಾರ. ಉತ್ತರ ಕರ್ನಾಟಕದ ರೈತರು ಪಹಣಿಯಲ್ಲಿ ‘ಬೋಜಾ’ ಇದೆ ಎನ್ನುವಾಗ ಸೂಚಿಸುವುದೂ ಇಂಥ ಹೊರೆಯನ್ನೇ. ಅಡಮಾನದಂತೆ ಇಲ್ಲಿ ಆಸ್ತಿಯ ಯಾವ ಹಿತಾಸಕ್ತಿಯೂ ವರ್ಗವಾಗುವುದಿಲ್ಲ, ಹಣ ಬಾರದಿದ್ದರೆ ಆ ಆಸ್ತಿಯಿಂದ ವಸೂಲಿ ಮಾಡಿಕೊಳ್ಳುವ ಹಕ್ಕಷ್ಟೇ ಇರುತ್ತದೆ.

ವಿಚ್ಛೇದನದಲ್ಲಿ ಈ ಋಣಭಾರಕ್ಕೆ ನೇರ ಆಧಾರವಿದೆ. ಹಿಂದೂ ವಿವಾಹ ಕಾಯ್ದೆಯ ಕಲಂ 25, ಶಾಶ್ವತ ಜೀವನಾಂಶವನ್ನು ಅಗತ್ಯವಿದ್ದರೆ ಎದುರುದಾರರ ಸ್ಥಿರಾಸ್ತಿಯ ಮೇಲಿನ ಋಣಭಾರದಿಂದ ಭದ್ರಪಡಿಸಬಹುದು ಎನ್ನುತ್ತದೆ. ಡಿಕ್ರಿಯಲ್ಲೇ ಹಣದ ಆದೇಶವೂ ನಿವೇಶನದ ಮೇಲಿನ ಋಣಭಾರವೂ ಸೇರಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 34ರ ನಿಯಮ 15ರ ಪ್ರಕಾರ ಪ್ರತ್ಯೇಕ ದಾವೆಯಿಲ್ಲದೆ, ಅದೇ ಡಿಕ್ರಿಯ ಅಮಲ್ಜಾರಿಯಲ್ಲಿ ನಿವೇಶನವನ್ನು ಮಾರಿಸಿ ಹಣ ಪಡೆಯಬಹುದು. ನಮ್ಮ ಪ್ರಸಂಗದಲ್ಲಿ ಹೊಡೆದುಹಾಕಿದ ಒಂದು ಸಾಲಿನ ಬೆಲೆ ಇಷ್ಟು ದೊಡ್ಡದು.

ಆದರೆ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 100ರಲ್ಲೇ ಒಂದು ಮಿತಿಯಿದೆ: ಬೆಲೆ ಕೊಟ್ಟು, ಋಣಭಾರದ ತಿಳಿವಳಿಕೆಯಿಲ್ಲದೆ ಆಸ್ತಿ ಕೊಂಡವನ ವಿರುದ್ಧ ಅದನ್ನು ಜಾರಿ ಮಾಡಲಾಗದು. ಜೀವನಾಂಶದ ಹಕ್ಕಿನ ಬಗ್ಗೆ ಅದೇ ಕಾಯ್ದೆಯ ಕಲಂ 39ರ ಧಾಟಿಯೂ ಇದೇ. ಹಾಗಾದರೆ ತಿಳಿವಳಿಕೆ ಬರುವುದು ಎಲ್ಲಿಂದ? ಅದೇ ಕಾಯ್ದೆಯ ಕಲಂ 3ರ ಪ್ರಕಾರ ನೋಂದಣಿಯೇ ತಿಳಿವಳಿಕೆ. ಬರಹದಲ್ಲಿ ಸೃಷ್ಟಿಸಿದ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಋಣಭಾರಕ್ಕೆ ನೋಂದಣಿ ಕಾಯ್ದೆ, 1908ರ ಕಲಂ 17 ನೋಂದಣಿಯನ್ನು ಕಡ್ಡಾಯಗೊಳಿಸುತ್ತದೆ. ನ್ಯಾಯಾಲಯದ ಡಿಕ್ರಿಗೆ ವಿನಾಯಿತಿ ಇದೆ ಎಂದು ನಾವು ನೆಮ್ಮದಿಪಡುತ್ತೇವೆ, ಆದರೆ ವಿನಾಯಿತಿಗೂ ಒಂದು ವಿನಾಯಿತಿಯಿದೆ: ರಾಜಿಯ ಮೇಲೆ ಕೊಟ್ಟ ಡಿಕ್ರಿಯು ಪ್ರಕರಣದ ವಿಷಯವಲ್ಲದ ಸ್ಥಿರಾಸ್ತಿಯನ್ನು ಒಳಗೊಂಡಿದ್ದರೆ ಅದನ್ನು ನೋಂದಾಯಿಸಲೇಬೇಕು. 1995ರ ಭೂಪ್ ಸಿಂಗ್ ವಿರುದ್ಧ ರಾಮ್ ಸಿಂಗ್ ಮೇಜರ್ ತೀರ್ಪು ಈ ಭಾಗವನ್ನು ಚರ್ಚಿಸಿದೆ. ವಿಚ್ಛೇದನದ ಅರ್ಜಿಯಲ್ಲಿ ನಿವೇಶನದ ಉಲ್ಲೇಖವೇ ಇಲ್ಲದೆ, ರಾಜಿಪತ್ರದಲ್ಲಿ ಮಾತ್ರ ಅದು ಕಾಣಿಸಿಕೊಂಡರೆ ಈ ಬಲೆಯಲ್ಲಿ ಸಿಕ್ಕಿಬಿದ್ದಂತೆಯೇ. ಅರ್ಜಿಯ ಷೆಡ್ಯೂಲಿನಲ್ಲೇ ಆಸ್ತಿಯ ವಿವರ, ಚಕ್ಕುಬಂದಿ ಸಹಿತ ಬರೆಯುವುದು ಅದಕ್ಕಾಗಿಯೇ ಮುಖ್ಯ.

ನೋಂದಣಿಗೆ ಒಯ್ದಾಗ ಸಹಿಯ ಪ್ರಶ್ನೆ ಮತ್ತೆ ತಲೆಯೆತ್ತುತ್ತದೆ. ನೋಂದಣಿ ಕಾಯ್ದೆಯ ಕಲಂ 20ರ ಪ್ರಕಾರ ಸಾಲುಗಳ ನಡುವಿನ ಬರಹ, ಖಾಲಿ ಜಾಗ, ಅಳಿಸಿದ ಅಥವಾ ತಿದ್ದಿದ ಗುರುತು ಇದ್ದು, ಪತ್ರ ಬರೆದುಕೊಟ್ಟವರು ಅದನ್ನು ಸಹಿಯಿಂದಲೋ ಕಿರುಸಹಿಯಿಂದಲೋ ದೃಢಪಡಿಸದಿದ್ದರೆ, ಉಪನೋಂದಣಾಧಿಕಾರಿ ಪತ್ರವನ್ನು ತಿರಸ್ಕರಿಸಬಹುದು. ಸ್ವೀಕರಿಸಿದರೆ ಆ ಗುರುತುಗಳನ್ನು ನೋಂದಣಿ ಪುಸ್ತಕದಲ್ಲಿ ಟಿಪ್ಪಣಿ ಮಾಡಬೇಕು. ಖಾಲಿ ಜಾಗವನ್ನೂ ಕಲಂ ಹೆಸರಿಸಿರುವುದನ್ನು ಗಮನಿಸಿ; ಮೊತ್ತವನ್ನು ಆಮೇಲೆ ತುಂಬೋಣ ಎಂದು ಬಿಟ್ಟ ಜಾಗವೂ ತಿದ್ದುಪಡಿಯಷ್ಟೇ ಅಪಾಯಕಾರಿ.

ಬ್ಯಾಂಕಿನ ವಿಷಯ ಚಿಕ್ಕದು, ಆದರೆ ಹೆಚ್ಚು ಜನ ಎಡವುವುದು ಅಲ್ಲಿಯೇ. ಗೃಹಸಾಲಕ್ಕೆ ಇಬ್ಬರೂ ಸಹಿ ಮಾಡಿದ್ದರೆ, ಕರಾರು ಕಾಯ್ದೆಯ ಕಲಂ 43ರ ಪ್ರಕಾರ ಬ್ಯಾಂಕು ಯಾರೊಬ್ಬರಿಂದಲಾದರೂ ಪೂರ್ತಿ ಹಣ ಕೇಳಬಹುದು. ನಾಲ್ಕನೆಯ ಪುಟದಲ್ಲಿ ಮೂಲ ಪಾಠವೇ ಉಳಿದಿದ್ದರೂ ಬ್ಯಾಂಕಿನ ಮಟ್ಟಿಗೆ ಹೆಂಡತಿ ಸಾಲಗಾರಳಾಗಿಯೇ ಇರುತ್ತಾಳೆ. ಅವಳು ಕಟ್ಟಿದರೆ ಗಂಡನಿಂದ ವಸೂಲಿ ಮಾಡಿಕೊಳ್ಳುವ ಹಕ್ಕು ಮಾತ್ರ ರಾಜಿಪತ್ರದಿಂದ ಸಿಗುತ್ತದೆ. ಹಕ್ಕುಪತ್ರಗಳನ್ನು ಒತ್ತೆಯಿಟ್ಟು ಮಾಡಿದ ಮೊದಲಿನ ಅಡಮಾನ, ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 48ರ ಪ್ರಕಾರ ಆಮೇಲೆ ಬಂದ ಹಕ್ಕಿಗಿಂತ ಮುಂದಿರುತ್ತದೆ.

ಈಗ ನಿವೇಶನಕ್ಕೆ ಹಿಂತಿರುಗೋಣ. ಹೊಡೆದುಹಾಕಿದ್ದು ತನ್ನ ಒಪ್ಪಿಗೆಯಿಲ್ಲದೆ ಎಂದು ಹೆಂಡತಿ ಸಾಬೀತು ಮಾಡಿದಳು, ಭದ್ರತೆಯ ಷರತ್ತು ಉಳಿಯಿತು ಎಂದುಕೊಳ್ಳಿ. ಅಷ್ಟರಲ್ಲಿ ಗಂಡ ಆ ನಿವೇಶನವನ್ನು ಮೂರನೆಯವನಿಗೆ ಮಾರಿದ್ದಾನೆ. ಕೊಂಡವನು ಋಣಭಾರ ಪ್ರಮಾಣಪತ್ರ, ನಾವು ರೂಢಿಯಲ್ಲಿ ಹೇಳುವ ಇಸಿ, ತೆಗೆಸಿ ನೋಡಿದ್ದಾನೆ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಭದ್ರತೆಯ ಷರತ್ತು ಉಪನೋಂದಣಿ ಕಚೇರಿಗೆ ಹೋಗದೆ ಕುಟುಂಬ ನ್ಯಾಯಾಲಯದ ಕಡತದಲ್ಲೇ ಉಳಿದಿದ್ದರೆ, ಇಸಿಯಲ್ಲಿ ಅದರ ಸುಳಿವೂ ಇರುವುದಿಲ್ಲ. ಬೇರೆ ಯಾವ ರೀತಿಯಿಂದಲೂ ಅವನಿಗೆ ವಿಷಯ ತಿಳಿದಿರಲಿಲ್ಲವಾದರೆ ನಿವೇಶನ ಅವನದೇ ಆಗಿ ಉಳಿಯುತ್ತದೆ, ಹೆಂಡತಿಯ ಕೈಯಲ್ಲಿ ಉಳಿಯುವುದು ಗಂಡನ ಬೇರೆ ಆಸ್ತಿಯನ್ನು ಹುಡುಕಿ ಅಮಲ್ಜಾರಿ ಮಾಡಿಸಬೇಕಾದ ಬರಿಯ ಹಣದ ಡಿಕ್ರಿ.