ಬೋರ್ಡ್ ಹೋಗಿಲ್ರಿ, ಮೊದಲು ಬಾಗಿಲಾ ನೋಡ್ರಿ

"ಅಣ್ಣಾರ, ನಮ್ಮ ಓವನ್ ಬೋರ್ಡ್ ಹೋಗೇತ್ರಿ. ಹೊಸಾದು ಹಾಕಾಕ ಎಷ್ಟ ಆಕ್ಕೇತ್ರಿ?"

ಫೋನ್ ಎತ್ತಿದ ಕೂಡಲೇ ಇದೇ ಮಾತು. ಏನಾಯ್ತು, ಯಾವಾಗ ನಿಂತಿತು, ಬಾಗಿಲು ತೆಗೆದರೆ ಒಳಗೆ ಲೈಟ್ ಹತ್ತುತ್ತದೆಯೋ ಇಲ್ಲವೋ, ಇದ್ಯಾವುದನ್ನೂ ಹೇಳುವುದಿಲ್ಲ. ಬೋರ್ಡ್, ಅಂದರೆ ಓವನ್ ನಡೆಸುವ ಒಳಗಿನ ಸರ್ಕ್ಯೂಟ್ ಹಲಗೆ, ಹೋಗಿದೆ ಅನ್ನುವ ತೀರ್ಮಾನ ಮನೆಯಲ್ಲೇ ಆಗಿರುತ್ತದೆ. ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಸಣ್ಣ ಅಂಗಡಿ ಇಟ್ಟುಕೊಂಡು ಮಿಕ್ಸರ್, ಇಂಡಕ್ಷನ್ ಒಲೆ, ಮೈಕ್ರೋವೇವ್ ಓವನ್ ರಿಪೇರಿ ಮಾಡುತ್ತಾ ಬಂದಿದ್ದೇನೆ. ಹೀಗೆ "ಬೋರ್ಡ್ ಹೋಗೇತಿ" ಅಂತ ಬಂದ ಓವನ್‌ಗಳನ್ನು ಬಿಚ್ಚಿ ನೋಡಿದರೆ ಬೋರ್ಡು ಚೆನ್ನಾಗಿಯೇ ಇರುವುದು ಜಾಸ್ತಿ. ಎಲ್ಲ ಸಲವೂ ಅಂತ ಹೇಳಲಾರೆ. ಆದರೆ ಜಾಸ್ತಿ ಸಲ.

ಧಾರವಾಡದ ಮಾಳಮಡ್ಡಿಯಿಂದ ಒಬ್ಬ ನಿವೃತ್ತ ಟೀಚರ್ ಬಾಯಿಯವರು ಕಳೆದ ಮಳೆಗಾಲದಲ್ಲಿ ಓವನ್ ತಂದಿದ್ದರು. ಸ್ಟಾರ್ಟ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಗಡಿಯಾರ ಮಾತ್ರ ಸರಿಯಾಗಿ ತೋರಿಸುತ್ತಿತ್ತು. ಯಾರೋ ಬೋರ್ಡ್ ಅಂದಿದ್ದಾರೆ, ಇವರು ಮಗನ ಕೈಯಲ್ಲಿ ಆನ್‌ಲೈನ್‌ನಲ್ಲಿ ತರಿಸಿಬಿಟ್ಟಿದ್ದಾರೆ. 3,000 ರೂಪಾಯಿ ಮೇಲೆ. ನಾನು ಬಾಗಿಲು ತೆಗೆದು ನೋಡಿದೆ. ಬಾಗಿಲಿನ ಅಂಚಿಗೆ ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಕೊಂಡಿ ಇರುತ್ತವಲ್ಲ, ಅದರಲ್ಲಿ ಕೆಳಗಿನದರ ತುದಿ ಮುರಿದಿತ್ತು. ಅಷ್ಟೇ. ಕೊಂಡಿ ಬದಲಾಯಿಸಿದೆ, ಓವನ್ ಓಡಿತು. ಅವರ ಮುಖ ನೋಡಿ ನನಗೇ ಸಂಕಟವಾಯಿತು. ಪಿಂಚಣಿ ದುಡ್ಡು ಅದು.

ಒಂದೇ ಒಂದು ವಿಷಯವನ್ನು ಇವತ್ತು ಸಮಾಧಾನವಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ಬೋರ್ಡು ತಾನಾಗಿ ಏನನ್ನೂ ಬಿಸಿ ಮಾಡುವುದಿಲ್ಲ. ಅದು ಲೆಕ್ಕ ಇಡುತ್ತದೆ, ಹುಕುಂ ಕೊಡುತ್ತದೆ. ಮನೆಯ 230 ವೋಲ್ಟ್ ಕರೆಂಟನ್ನು ಇಳಿಸಿಕೊಂಡು 5 ವೋಲ್ಟ್‌ನಂಥ ಕಡಿಮೆ ವೋಲ್ಟ್‌ನಲ್ಲಿ ಕೆಲಸ ಮಾಡುವ ಸಣ್ಣ ಚಿಪ್ಪು, ಅದರ ಪಕ್ಕದಲ್ಲಿ ಎರಡು ಮೂರು ರಿಲೇ. ರಿಲೇ ಅಂದರೆ ಚಿಪ್ಪು ಹೇಳಿದಾಗ ಟಕ್ ಅಂತ ಕೂಡುವ ಸ್ವಿಚ್ಚು. ಹುಕುಂ ಕೊಡುವ ಮೊದಲು ಆ ಚಿಪ್ಪು ಕೇಳುವ ಪ್ರಶ್ನೆ ಒಂದೇ: ಬಾಗಿಲು ಮುಚ್ಚಿದೆಯೋ? ಉತ್ತರ ಹೇಳುವುದು ಬಾಗಿಲ ಕೊಂಡಿಯ ಹಿಂದೆ ಕೂತಿರುವ ಮೈಕ್ರೋ ಸ್ವಿಚ್‌ಗಳು. ಸಾಮಾನ್ಯವಾಗಿ ಮೂರು ಇರುತ್ತವೆ. ನೀವು ಬಾಗಿಲು ಒತ್ತಿದಾಗ ಕೊಂಡಿಗಳು ಒಳಗೆ ಹೋಗಿ ಇವನ್ನು ಒತ್ತುತ್ತವೆ. ಕೊಂಡಿ ಸವೆದಿದ್ದರೆ, ಸ್ಪ್ರಿಂಗ್ ಕಳಚಿದ್ದರೆ, ಬಾಗಿಲು ಒಂದು ಕಡೆ ಜೋತಿದ್ದರೆ, ಕೊಂಡಿ ತೂರುವ ಕಿಂಡಿಯಲ್ಲಿ ಅನ್ನದ ಅಗುಳು ಕೂತಿದ್ದರೆ, ನಿಮ್ಮ ಕಣ್ಣಿಗೆ ಬಾಗಿಲು ಮುಚ್ಚಿದೆ. ಬೋರ್ಡಿನ ಲೆಕ್ಕದಲ್ಲಿ ಇನ್ನೂ ತೆರೆದಿದೆ. ಬಾಗಿಲು ತೆರೆದಿದೆ ಅಂತ ತಿಳಿದ ಬೋರ್ಡು ಓವನ್ ಶುರು ಮಾಡಬಾರದು, ಮಾಡುವುದೂ ಇಲ್ಲ. ಅದು ಸರಿಯಾಗಿ ಕೆಲಸ ಮಾಡುತ್ತಿರುವುದನ್ನೇ ನಾವು ಕೆಟ್ಟಿದೆ ಅನ್ನುತ್ತೇವೆ.

ಇದನ್ನು ಕಂಡುಹಿಡಿಯಲು ಒಂದು ತಿರುಪನ್ನೂ ಬಿಚ್ಚಬೇಕಿಲ್ಲ. ಬಾಗಿಲು ತೆಗೆಯಿರಿ. ಎಷ್ಟೋ ಮಾಡೆಲ್‌ಗಳಲ್ಲಿ ಒಳಗೆ ಲೈಟ್ ಹತ್ತುತ್ತದೆ. ಮುಚ್ಚಿ. ಆರಬೇಕು. ಮುಚ್ಚಿದ ಮೇಲೂ ಲೈಟ್ ಉರಿಯುತ್ತಲೇ ಇದ್ದರೆ ಅನುಮಾನ ಬಾಗಿಲ ಮೇಲೆ. ಬಾಗಿಲನ್ನು ಅಂಗೈಯಿಂದ ಸ್ವಲ್ಪ ಒತ್ತಿ ಹಿಡಿದು ಸ್ಟಾರ್ಟ್ ಮಾಡಿದಾಗ ಓಡಿ, ಕೈ ಬಿಟ್ಟ ಕೂಡಲೇ ನಿಂತರೆ ಬಹುತೇಕ ಖಾತ್ರಿ. ಹಾಗಂತ ದಿನಾ ಕೈಯಿಂದ ಒತ್ತಿ ಹಿಡಿದು ಬಳಸಬೇಡಿ, ಟೇಪ್ ಸುತ್ತಬೇಡಿ. ಇದು ಗೊತ್ತಾಗಲಿ ಅಂತ ಒಂದು ಸಲ ನೋಡುವುದು ಅಷ್ಟೇ. ಒಂದು ಮೈಕ್ರೋ ಸ್ವಿಚ್ಚಿನ ಬೆಲೆ ಬೋರ್ಡಿನ ಬೆಲೆಯ ಪಕ್ಕದಲ್ಲಿ ಇಟ್ಟು ನೋಡುವಂಥದ್ದೇ ಅಲ್ಲ.

ಹಾಗೆಯೇ ಇನ್ನೊಂದು. ಓಡುತ್ತಿರುವಾಗ ಬಾಗಿಲು ತೆಗೆದರೆ ಓವನ್ ಆ ಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ, ರಿಪೇರಿ ಆಗುವವರೆಗೆ ಮುಟ್ಟಬೇಡಿ. ಇದರಲ್ಲಿ "ಇವತ್ತೊಂದು ದಿನ" ಅನ್ನುವುದೆಲ್ಲ ಬೇಡ.

ಆ ಮೂರು ಸ್ವಿಚ್ಚಿನಲ್ಲಿ ಮೂರನೆಯದರ ಕಥೆ ಹೇಳಲೇಬೇಕು. ಮೊದಲ ಎರಡು ಕೆಟ್ಟು ಅಂಟಿಕೊಂಡು, ಬಾಗಿಲು ತೆಗೆದರೂ ಕರೆಂಟ್ ಹರಿಯುತ್ತಲೇ ಇದ್ದರೆ ಏನು ಗತಿ? ಅದಕ್ಕೆ ಕಾವಲು ಈ ಮೂರನೆಯದು. ಅಂಥ ಹೊತ್ತಲ್ಲಿ ಬಾಗಿಲು ತೆರೆದರೆ ಅದು ಬೇಕಂತಲೇ ಶಾರ್ಟ್ ಮಾಡಿ ಫ್ಯೂಸ್ ಸುಟ್ಟುಹಾಕುತ್ತದೆ. ಮನೆಯವರ ಮೇಲೆ ಮೈಕ್ರೋವೇವ್ ಅಲೆಗಳು ಬೀಳುವುದಕ್ಕಿಂತ ಒಂದು ಫ್ಯೂಸ್ ಹೋಗುವುದು ಲೇಸು ಅಲ್ವಾ? ಬಾಗಿಲು ತೆಗೆಯುವಾಗ ಅಥವಾ ಹಾಕುವಾಗಲೇ ಟಪ್ ಅಂತ ಫ್ಯೂಸ್ ಹೋಯಿತು ಅಂದರೆ, ಅದು ಈ ಸ್ವಿಚ್‌ಗಳು ಕೊಡುತ್ತಿರುವ ಸೂಚನೆ. ಹೊಸ ಫ್ಯೂಸ್ ಹಾಕಿ, ಅದೂ ಹೋಗಿ, ಸಿಟ್ಟು ಬಂದು ಫ್ಯೂಸ್ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ ಓವನ್ ಒಂದು ಗದಗ ಬೆಟಗೇರಿ ಕಡೆಯಿಂದ ನನ್ನ ಹತ್ತಿರ ಬಂದಿತ್ತು. ಒಳಗಿನ ವೈರ್ ಸುಟ್ಟು ಕರ್ರಗಾಗಿತ್ತು. ಆ ಮನೆಯಲ್ಲಿ ಎರಡು ವರ್ಷದ ಕೂಸು ಇತ್ತಂತೆ, ಓವನ್ ಮುಂದೆ ನಿಂತು ತಟ್ಟೆ ತಿರುಗುವುದು ನೋಡುವುದೇ ಅದರ ಆಟ. ಅವತ್ತು ನಾನು ಆ ಯಜಮಾನರಿಗೆ ಜೋರಾಗಿಯೇ ಬೈದೆ. ಈಗಲೂ ಅದಕ್ಕೆ ಬೇಸರವಿಲ್ಲ.

ಇನ್ನು ಗುಂಡಿಗಳ ವಿಚಾರ. "ಡಿಸ್‌ಪ್ಲೇ ಬರ್ತೈತ್ರಿ, ಬಟನ್ ಕೆಲಸ ಮಾಡಂಗಿಲ್ರಿ, ಬೋರ್ಡೇ ಹೋಗೇತಿ." ಮೊದಲು ಡಿಸ್‌ಪ್ಲೇಯಲ್ಲಿ ಬೀಗದ ಚಿತ್ರ ಇದೆಯಾ ನೋಡಿ. ಮಕ್ಕಳು ಒತ್ತಿ ಚೈಲ್ಡ್ ಲಾಕ್ ಬಿದ್ದಿರುತ್ತದೆ. ಬಹಳಷ್ಟು ಮಾಡೆಲ್‌ಗಳಲ್ಲಿ ಸ್ಟಾಪ್ ಗುಂಡಿಯನ್ನು 3 ಸೆಕೆಂಡ್ ಒತ್ತಿ ಹಿಡಿದರೆ ಬಿಡುತ್ತದೆ, ನಿಮ್ಮದರಲ್ಲಿ ಬೇರೆ ಇರಬಹುದು, ಜೊತೆಗೆ ಬಂದ ಪುಸ್ತಕ ನೋಡಿ. ಲಾಕ್ ಇಲ್ಲ, ಕೆಲವು ಗುಂಡಿ ಕೆಲಸ ಮಾಡುತ್ತವೆ, ಕೆಲವು ಮಾಡುವುದಿಲ್ಲ ಅಂದರೆ ಅನುಮಾನ ಮುಂದಿನ ಟಚ್ ಪ್ಯಾಡ್ ಮೇಲೆ. ಅದು ಎರಡು ತೆಳು ಹಾಳೆ, ಬೆರಳು ಒತ್ತಿದಾಗ ಒಂದಕ್ಕೊಂದು ತಾಗುತ್ತವೆ. ಅಲ್ಲಿಂದ ರಿಬ್ಬನ್ ಥರದ ಪಟ್ಟಿ ಬೋರ್ಡಿಗೆ ಹೋಗಿರುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಓವನ್‌ಗೆ ಸಿಗುವ ಜಾಗ ಯಾವುದು? ಗ್ಯಾಸ್ ಕಟ್ಟೆಯ ಮೇಲೆ, ಒಲೆಯ ಮಗ್ಗುಲಲ್ಲೇ. ಕುಕ್ಕರ್ ಸೀಟಿಯ ಹಬೆ, ಒಗ್ಗರಣೆಯ ಎಣ್ಣೆ ಹೊಗೆ, ಎಲ್ಲ ಆ ಹಾಳೆಯ ಸಂದಿಗೆ. ಅದರ ಮೇಲೆ ಧಾರವಾಡದ ಜುಲೈ ಮಳೆ, ವಾರಗಟ್ಟಲೆ ಬಿಸಿಲೇ ಇಲ್ಲ, ಗೋಡೆ ಕೂಡ ಬೆವರುತ್ತದೆ. ಆ ದಿನಗಳಲ್ಲಿ ಓವನ್ ತಾನಾಗಿಯೇ ಬೀಪ್ ಬೀಪ್ ಅನ್ನುವುದು, ಯಾರೂ ಒತ್ತದೆ ನಂಬರ್ ಬೀಳುವುದು ಹೆಚ್ಚು. ಪ್ಲಗ್ ತೆಗೆದು, ಒಣ ಬಟ್ಟೆಯಿಂದ ಒರೆಸಿ, ಗಾಳಿ ಆಡುವ ಕಡೆ ಎರಡು ದಿನ ಇಟ್ಟು ನೋಡಿ. ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಪ್ಯಾಡ್ ಬದಲಾಯಿಸಬೇಕು, ಅದು ಬೋರ್ಡಿನಿಂದ ಬೇರೆ ಸಾಮಾನು.

ಡಿಸ್‌ಪ್ಲೇಯಲ್ಲಿ ಸಮಯದ ಎಣಿಕೆ ಇಳಿಯುತ್ತದೆ, ಲೈಟ್ ಇದೆ, ತಟ್ಟೆ ತಿರುಗುತ್ತದೆ, ಸಾರು ಮಾತ್ರ ತಣ್ಣಗೇ ಇರುತ್ತದೆ. ಇದಕ್ಕೂ ಬೋರ್ಡ್ ಅನ್ನುವವರಿದ್ದಾರೆ. ಎಣಿಕೆ ಇಳಿಯುತ್ತಿದೆ ಅಂದರೆ ಚಿಪ್ಪಿಗೆ ಜೀವ ಇದೆ. ಒಂದು ಲೋಟ ನೀರು ಇಟ್ಟು ಫುಲ್ ಪವರ್‌ನಲ್ಲಿ 1 ನಿಮಿಷ ಓಡಿಸಿ. ನೀರು ಚೆನ್ನಾಗಿ ಬೆಚ್ಚಗಾಗಬೇಕು. ಇಟ್ಟಷ್ಟೇ ತಣ್ಣಗಿದ್ದರೆ ಬಿಸಿ ಮಾಡುವ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್, ಅದಕ್ಕೆ ಹೆಚ್ಚು ವೋಲ್ಟೇಜ್ ಒದಗಿಸುವ ಡಯೋಡ್, ಕೆಪಾಸಿಟರ್ ಕಡೆ ನೋಡಬೇಕು. ಬೋರ್ಡಿನ ಮೇಲಿನ ದೊಡ್ಡ ರಿಲೇ ಕೂಡ ಕಾರಣ ಇರಬಹುದು, ಅದನ್ನು ಮೀಟರ್ ಹಿಡಿದೇ ಹೇಳಬೇಕು, ಫೋನಿನಲ್ಲಿ ನಾನೂ ಹೇಳಲಾರೆ. ಸ್ವಲ್ಪ ಹೊತ್ತು ಓಡಿ ಪೂರ್ತಿ ಆರಿಹೋಗುವುದಾದರೆ ಓವನ್ ಮೇಲೆ ಏನಿದೆ ನೋಡಿ. ಕೈಯಿಂದ ಹೆಣೆದ ಚೆಂದದ ಹೊದಿಕೆ, ಅದರ ಮೇಲೆ ರೊಟ್ಟಿ ಡಬ್ಬಿ, ಅದರ ಮೇಲೆ ಶೇಂಗಾ ಚಟ್ನಿ ಬಾಟಲಿ. ಗಾಳಿ ಹೋಗುವ ಕಿಂಡಿಗಳೆಲ್ಲ ಬಂದ್. ಒಳಗೆ ಬಿಸಿ ಏರಿದರೆ ಕರೆಂಟ್ ಕಡಿಯುವ ಒಂದು ಸಣ್ಣ ಭಾಗ ಇರುತ್ತದೆ, ಅದು ತನ್ನ ಕೆಲಸ ಮಾಡಿರುತ್ತದೆ. ಅಕ್ಕಾರ, ಆ ಹೊದಿಕೆಯನ್ನು ಟಿವಿ ಮೇಜಿಗೆ ಹಾಕಿ, ಓವನ್‌ಗೆ ಉಸಿರಾಡಲು ಬಿಡಿ.

ಪೂರ್ತಿ ಸತ್ತಂತೆ ಇದ್ದರೆ? ಮೊದಲು ಅದೇ ಪಾಯಿಂಟಿಗೆ ಬೇರೆ ಏನಾದರೂ ಹಾಕಿ ನೋಡಿ. ನಂತರ ಪ್ಲಗ್ ತೆಗೆದು 10 ನಿಮಿಷ ಬಿಟ್ಟು ಮತ್ತೆ ಹಾಕಿ, ಕರೆಂಟ್ ಹೋಗಿ ಬಂದಾಗ ಚಿಪ್ಪು ಸಿಕ್ಕಿಹಾಕಿಕೊಂಡಿದ್ದರೆ ಬಿಡುತ್ತದೆ. ಗುಡುಗು ಮಳೆಯ ರಾತ್ರಿ ನ್ಯೂಟ್ರಲ್ ತಂತಿ ಕಡಿದು ಮನೆಗೆ ಹೆಚ್ಚು ವೋಲ್ಟೇಜ್ ಬಂದಿದ್ದರೆ ಆಗ ಬೋರ್ಡಿನ ಮೇಲೆ ಅನುಮಾನ ಪಡುವುದು ಸರಿ. ಆಗಲೂ ಪೂರ್ತಿ ಬೋರ್ಡ್ ಎಸೆಯಬೇಕಿಲ್ಲ. ಕರೆಂಟ್ ಒಳಗೆ ಬರುವ ಜಾಗದಲ್ಲಿ ಸಾಮಾನ್ಯವಾಗಿ ಬಿಲ್ಲೆಯಂಥ ಒಂದು ವೇರಿಸ್ಟರ್ ಇರುತ್ತದೆ. ಹೆಚ್ಚು ವೋಲ್ಟೇಜನ್ನು ಅದು ತನ್ನ ಮೇಲೆ ಎಳೆದುಕೊಂಡು ಸಾಯುತ್ತದೆ, ಜೊತೆಗೆ ಫ್ಯೂಸ್ ಹೋಗುತ್ತದೆ, ಹಿಂದಿನದೆಲ್ಲ ಎಷ್ಟೋ ಸಲ ಉಳಿಯುತ್ತದೆ. ಎರಡೂ ಸಣ್ಣ ಬೆಲೆಯವು. ರಿಲೇ ಕಾಲಿನ ಬೆಸುಗೆ ಬಿರುಕು ಬಿಟ್ಟಿರುವುದು, ಬೆಚ್ಚಗಿದೆ ಅಂತ ಜಿರಳೆ ಹೋಗಿ ಬೋರ್ಡಿನ ಮೇಲೆ ಸುಟ್ಟು ಅಂಟಿರುವುದು, ಇವೂ ಉಂಟು. ಇದನ್ನೆಲ್ಲ ಕೂತು ಮಾಡುವ ತಾಳ್ಮೆ ಇರುವವರ ಹತ್ತಿರ ಒಯ್ಯಿರಿ. ಚಿಪ್ಪೇ ಹೋಗಿದ್ದರೆ ಮಾತ್ರ ಹೊಸ ಬೋರ್ಡ್, ಅದೂ ಅದೇ ಮಾಡೆಲ್ ನಂಬರಿನದು.

ಇಷ್ಟು ಓದಿದ ಮೇಲೆ ಯಾರಿಗಾದರೂ "ನಾನೇ ಬಿಚ್ಚಿ ನೋಡ್ತೀನಿ" ಅನ್ನಿಸಿದರೆ ಅಲ್ಲೇ ನಿಲ್ಲಿ.

ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡಿದ್ದ ಒಬ್ಬ ಇಂಜಿನಿಯರಿಂಗ್ ಹುಡುಗ ವಿಡಿಯೋ ನೋಡಿ ಓವನ್ ಬಿಚ್ಚಿದ. ಜಾಣ ಹುಡುಗ, ಪ್ಲಗ್ ತೆಗೆದಿದ್ದ. ಬೋರ್ಡು ಹೊರಗೆ ತೆಗೆಯುವಾಗ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಪಕ್ಕದ ಕೆಪಾಸಿಟರ್‌ಗೆ ತಾಗಿತು. ಪಟಾಕಿ ಹೊಡೆದ ಹಾಗೆ ಸದ್ದು, ಡ್ರೈವರ್ ತುದಿ ಕರಗಿತ್ತು. ಆ ಕ್ಷಣ ಅವನ ಬೆರಳು ಪ್ಲಾಸ್ಟಿಕ್ ಹಿಡಿಯ ಮೇಲಿತ್ತು, ಕಬ್ಬಿಣದ ಮೇಲಿರಲಿಲ್ಲ. ಬದುಕಿದ. ಓವನ್ ತಂದು ಕೊಡುವಾಗಲೂ ಕೈ ನಡುಗುತ್ತಿತ್ತು. ಒಂದು ಚಹಾ ಕುಡಿಸಿ ಕೂರಿಸಿದೆ.

"ಪ್ಲಗ್ ತೆಗದಿದ್ನಲ್ರೀ ಅಂಕಲ್" ಅಂದ.

ಇದೇ ಜನರಿಗೆ ಅರ್ಥ ಆಗದ ವಿಷಯ. ಓವನ್ ಒಳಗಿನ ದೊಡ್ಡ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 2,000 ವೋಲ್ಟ್ ದಾಟಿಸುತ್ತದೆ. ಕೆಪಾಸಿಟರ್ ಮತ್ತು ಡಯೋಡ್ ಸೇರಿ ಅದನ್ನು 4,000 ವೋಲ್ಟ್ ಹತ್ತಿರ ಒಯ್ದು ಮ್ಯಾಗ್ನೆಟ್ರಾನ್‌ಗೆ ಕೊಡುತ್ತವೆ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್ ಕರೆಂಟ್ ಹಿಡಿದುಕೊಂಡಿರುತ್ತದೆ. ಅದನ್ನು ಮೆಲ್ಲಗೆ ಇಳಿಸಲು ಒಳಗೇ ಒಂದು ರೆಸಿಸ್ಟರ್ ಇರುತ್ತದೆ, ನಿಜ. ಅದು ಸರಿಯಿದ್ದರೆ ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಅದು ಕೆಟ್ಟಿದ್ದರೆ ಎಷ್ಟೋ ಹೊತ್ತು ಹಾಗೇ ಉಳಿಯುತ್ತದೆ, ಕೆಟ್ಟಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಜೀವ ತೆಗೆಯಲು ಅಷ್ಟು ಸಾಕು. ಬೋರ್ಡ್ ಮೇಲೆ ಇರುವುದು ಬರೀ 5 ವೋಲ್ಟ್ ಅಲ್ವಾ ಅನ್ನಬಹುದು. ಆದರೆ ಬೋರ್ಡಿಗೂ ಅದೇ ತಗಡಿನ ಕವರ್ ಬಿಚ್ಚಿಯೇ ಹೋಗಬೇಕು, ಕೆಪಾಸಿಟರ್ ಅಲ್ಲೇ ಗೇಣು ದೂರದಲ್ಲಿ ಕೂತಿರುತ್ತದೆ. ಬೋರ್ಡಿನ ಮೇಲೂ ಒಂದು ಬದಿಯಲ್ಲಿ 230 ವೋಲ್ಟ್ ಇರುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಬದಲು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವ ಇನ್ವರ್ಟರ್ ಓವನ್ ಆದರೂ ಇದೇ ಮಾತು. ಟಿವಿ, ಮಿಕ್ಸರ್ ಬಿಚ್ಚಿ ಪಳಗಿದ ಕೈ ಅಂತ ಇದಕ್ಕೆ ಹಾಕಬೇಡಿ. ಕವರ್ ಹೊರಗಿನಿಂದ ಮಾಡುವುದೆಲ್ಲ ನಿಮ್ಮದು, ಕವರ್ ಒಳಗಿನದು ಕಲಿತವರದು.

ಮುಂದಿನ ಸಲ ನನಗೋ ಬೇರೆ ಮೆಕ್ಯಾನಿಕ್‌ಗೋ ಫೋನ್ ಮಾಡುವಾಗ ಕಂಡದ್ದನ್ನು ಹೇಳಿ. ಬಾಗಿಲು ತೆಗೆದಾಗ ಲೈಟ್ ಏನಾಗುತ್ತದೆ, ಯಾವ ಗುಂಡಿ ಕೆಲಸ ಮಾಡುತ್ತದೆ, ನೀರು ಬಿಸಿಯಾಯಿತೋ ಇಲ್ಲವೋ, ನಿಲ್ಲುವ ಮುಂಚೆ ಸದ್ದು ಬಂತೋ, ವಾಸನೆ ಬಂತೋ. ಬೋರ್ಡ್ ತರಿಸುವುದಾದರೆ ಇದಾದ ಮೇಲೆ.

ಮಾಳಮಡ್ಡಿ ಬಾಯಿಯವರ ಬೋರ್ಡ್ ಇನ್ನೂ ನನ್ನ ಕಪಾಟಿನಲ್ಲೇ ಇದೆ, ಡಬ್ಬಿ ಒಡೆದಿಲ್ಲ. ವಾಪಸ್ ಕಳಿಸುವ ಅವಧಿ ಮುಗಿದುಹೋಗಿತ್ತು. "ಯಾರಿಗರ ಬೇಕಾದ್ರ ಕೊಡ್ರೆಪಾ, ಬಂದಷ್ಟ ಬರ್ಲಿ" ಅಂತ ಬಿಟ್ಟು ಹೋದರು. ನಿಜವಾಗಿ ಬೋರ್ಡ್ ಹೋಗಿರುವ ಅದೇ ಮಾಡೆಲ್ಲಿನ ಓವನ್ ಬರಲಿ ಅಂತ ಕಾಯುತ್ತಿದ್ದೇನೆ. ಇಲ್ಲಿಯವರೆಗೆ ಮೂರು ಬಂದವು. ಒಂದರಲ್ಲಿ ಕೊಂಡಿ, ಒಂದರಲ್ಲಿ ಟಚ್ ಪ್ಯಾಡ್, ಇನ್ನೊಂದರಲ್ಲಿ ಚೈಲ್ಡ್ ಲಾಕ್.